ಸೂಕ್ಷ್ಮ ಕಿವಿಗೆ ಬೀಸುವ ಪದ

ಇಬ್ಬರೂ ಒಂದೇ ಮನೆತನದವರು. ಒಬ್ಬರು ವಿಜಯಪುರದ ಕಡೆ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಊರೂರು ತಿರುಗಿ ಬೀಸುವ ಪದಗಳನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದವರು. ಇನ್ನೊಬ್ಬಳು ಅವರ ಅಣ್ಣನ ಮಗಳು, ಬೆಂಗಳೂರಿನಲ್ಲಿ ಬೆಳೆದವಳು. ತನಗೆ ಆಟಿಸಂ ಇದೆ ಎಂಬುದು ದೊಡ್ಡವಳಾದ ಮೇಲೆ ಗೊತ್ತಾದವಳು. ಹಳೆಯ ಕ್ಯಾಸೆಟ್ಟುಗಳನ್ನು ಲ್ಯಾಪ್‌ಟಾಪಿಗೆ ಇಳಿಸುತ್ತ ಕೂತಾಗ ನಡೆದ ಮಾತು.

— ಕಿವಿಗೆ ಆ ಹೆಡ್‌ಫೋನ್ ಹಾಕ್ಕೊಂಡು ಕುಂತೀಯಲ್ಲ, ಒಳಗ ಹಾಡು ಕೇಳಾಕತ್ತೀಯೋ, ಬರೇ ಹೊರಗಿನ ಗದ್ದಲ ಬ್ಯಾಡಂತ ಹಾಕ್ಕೊಂಡೀಯೋ?

— ಎರಡೂ, ಅತ್ತೆ. ಈಗ ಓಡ್ತಿರೋದು ನಿಮ್ಮ ಬೀಸುವ ಪದದ ಕ್ಯಾಸೆಟ್ಟು. ಮೊದಲಿಂದ ಕೊನೆತನಕ ಕೈ ಅಡ್ಡ ಹಿಡಿಯದೆ ಕೇಳೋಕಾಗೋ ಹಾಡು ನನಗೆ ಬಹಳ ಕಡಿಮೆ. ಇದು ಅದರಲ್ಲೊಂದು.

— ನಮ್ಮ ಜಾನಪದ ಅಂದ್ರ ಹಂಗ ನೋಡು. ಮನಸ್ಸಿಗೆ ತಂಪು.

— ಹಾಗೆ ಒಟ್ಟಿಗೆ ಹೇಳಬೇಡಿ. ಹಲಗೆನೂ ಜಾನಪದವೇ ಅಲ್ವಾ? ಡೊಳ್ಳು, ಸಂಬಾಳ, ಕರಡಿ ಮಜಲು? ಮೊಹರಂ ಹಬ್ಬಕ್ಕೆ ಊರಿಗೆ ಬಂದಾಗ ಹಲಗೆ ಶುರುವಾದ್ರೆ ನಾನು ದೇವರ ಕೋಣೆಗೆ ಹೋಗಿ ಬಾಗಿಲು ಹಾಕ್ಕೋತಿದ್ದೆ. ಹುಡುಗಿಗೆ ಭಕ್ತಿ ಜಾಸ್ತಿ ಅಂತ ಅಜ್ಜಿ ಎಲ್ಲರ ಹತ್ತಿರ ಹೇಳ್ಕೊಂಡು ತಿರುಗಿದ್ರು.

— ಹೌದಲ್ಲ! ಅದಕ್ಕ ಅವ್ವ ನಿನಗೊಂದು ಬೆಳ್ಳಿ ಲಿಂಗ ಮಾಡಿಸಿ ಕೊಟ್ಟಳು. ಇರಲಿ. ಈಗಂತೂ ಟ್ರ್ಯಾಕ್ಟರಿಗೆ ಆಳೆತ್ತರದ ಸ್ಪೀಕರ್ ಕಟ್ಕೊಂಡು ಓಣಿ ತುಂಬ ನಡುಗಿಸಿಕೋತ ಹೋಗತಾರಲ್ಲ, ಅದಕ್ಕೂ ಜಾನಪದ ಸಾಂಗ ಅಂತಾರ. ಹಂಗಾರ ಬೀಸೋ ಪದ ನಿನಗ ಯಾಕ ಒಗ್ಗತದ? ಸಣ್ಣ ದನಿ ಅಂತನ?

— ಸಣ್ಣ ದನಿ ಅನ್ನೋದು ಅರ್ಧ ಉತ್ತರ. ಈ ಕೋಣೆಯ ಫ್ಯಾನ್ ಬೆಳಿಗ್ಗೆಯಿಂದ ಸದ್ದು ಮಾಡ್ತಾ ತಿರುಗ್ತಿದೆ, ನನಗೇನೂ ಆಗಿಲ್ಲ. ಆಗ ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಮೇಲೆ ಒಂದು ಚಮಚ ಬಿತ್ತು, ಕ್ಷಣಮಾತ್ರ. ನನ್ನ ಕೈ ಬೆವರು ಆರೋಕೆ ಎಷ್ಟು ಹೊತ್ತು ಹಿಡೀತು ನೀವೇ ನೋಡಿದ್ರಿ. ಸದ್ದು ಎಷ್ಟು ದೊಡ್ಡದು ಅನ್ನೋದಷ್ಟೇ ಅಲ್ಲ, ಎಷ್ಟು ಥಟ್ಟಂತ ಬಂತು ಅನ್ನೋದೂ ಮುಖ್ಯ. ಯಾವ ಕಿವಿಗಾದ್ರೂ ಅಷ್ಟೇ, ನಮ್ಮಂಥ ಹಲವರಿಗೆ ಅದು ಇನ್ನೂ ಹೆಚ್ಚು. ಕಿವಿಯೊಳಗೆ ಒಂದು ಪುಟ್ಟ ಸ್ನಾಯು ಇದೆ. ಸ್ಟೇಪಿಡಿಯಸ್ ಅಂತ ಹೆಸರು, ಮೈಯಲ್ಲಿರೋ ಎಲುಬಿನ ಸ್ನಾಯುಗಳಲ್ಲೆಲ್ಲ ಅದೇ ಚಿಕ್ಕದು. ದೊಡ್ಡ ಸದ್ದು ಬಂದಾಗ ಅದು ಬಿಗಿದುಕೊಂಡು ಒಳಗೆ ಹೋಗೋ ಪೆಟ್ಟನ್ನ ಸ್ವಲ್ಪ ತಡೀತದೆ. ಆದ್ರೆ ಬಿಗಿದುಕೊಳ್ಳೋಕೆ ಅದಕ್ಕೂ ಒಂಚೂರು ಹೊತ್ತು ಬೇಕು. ಪಟಾಕಿ ಆ ಹೊತ್ತನ್ನ ಕೊಡಲ್ಲ, ಚಮಚನೂ ಕೊಡಲ್ಲ.

— ಬೀಸೂಕಲ್ಲು ಕೊಡತದ.

— ಕೊಡುತ್ತೆ ಅಂತ ನನ್ನ ಅನುಭವ. ಆದ್ರೆ ನಾನು ಬೀಸುಕಲ್ಲು ನೋಡಿದ್ದು ಹೋಟೆಲಿನ ಬಾಗಿಲಲ್ಲಿ ಅಲಂಕಾರಕ್ಕೆ ಇಟ್ಟಿದ್ದು. ಕೆಲಸ ಮಾಡೋದನ್ನ ನೋಡಿಲ್ಲ.

— ಹೇಳತೀನಿ ಕೇಳು. ಕೆಳಗಿನ ಕಲ್ಲು ಅಳ್ಳಾಡಂಗಿಲ್ಲ. ಮ್ಯಾಲಿನ ಕಲ್ಲಿಗೆ ನಡುವ ಒಂದು ಬಾಯಿ, ಅಂಚಿಗೆ ಒಂದು ಗೂಟ. ಇಬ್ಬರು ಎದುರುಬದುರು ಕುಂತು ಒಂದ ಗೂಟ ಹಿಡದು ತಿರಗಸತಾರ. ಒಬ್ಬಾಕಿ ಇನ್ನೊಂದು ಕೈಲೆ ಒಂದೊಂದು ಹಿಡಿ ಜ್ವಾಳ ಬಾಯಾಗ ಹಾಕತಾಳ. ಕಾಳು ಬಿದ್ದ ಕೂಡಲೆ ಕಲ್ಲು ಭಾರಾಗತದ, ಸಪ್ಪಳ ದಪ್ಪಾಗತದ. ಹಿಟ್ಟು ಆಕ್ಕೋತ ಹೋದಂಗ ಸಪ್ಪಳ ಸಣ್ಣಾಕ್ಕೋತ ಹೋಗತದ. ಮತ್ತ ಒಂದು ಹಿಡಿ. ಕೈ ನೋಡೂದು ಬ್ಯಾಡ, ಕಿವಿಗೇ ತಿಳೀತದ ಕಾಳು ಮುಗೀತು ಅಂತ. ಹಿಂಗ ನಾಕ ಸುತ್ತು, ಎಂಟ ಸುತ್ತು ಆದ ಮ್ಯಾಲ, ಕೈಗೂ ಕಲ್ಲಿಗೂ ಹೊಂದಿಕಿ ಬಂತು ಅಂದ ಮ್ಯಾಲ, ಹಾಡು ಸುರು. ಕುಂತ ಕೂಡಲೆ ಯಾರೂ ಬಾಯಿ ತಗಿಯಂಗಿಲ್ಲ.

— ಅದೇ ನೋಡಿ ಅತ್ತೆ! ಕ್ಯಾಸೆಟ್ಟಿನಲ್ಲಿ ನನಗೆ ಗೊತ್ತಾಗಿದ್ದೂ ಅದೇ, ಕಾರಣ ಗೊತ್ತಿರಲಿಲ್ಲ. ಹಾಡು ಶುರುವಾಗೋ ಮುಂಚೆ ಅದರ ಜಾಗ ಸಿದ್ಧವಾಗಿರುತ್ತೆ. ಕಲ್ಲಿನ ಗುರುಗುರು ಆಗಲೇ ಕಿವಿ ತುಂಬಿರುತ್ತೆ, ದನಿ ಅದರೊಳಗಿಂದ ಮೆಲ್ಲಗೆ ಎದ್ದು ಬರುತ್ತೆ. ಇಗೋ ಈಗ ಶುರು ಅನ್ನೋ ಏಟಿಲ್ಲ. ಹಾಡು ನಿಂತಾಗಲೂ ಕಲ್ಲು ತಿರುಗ್ತಾ ಇರುತ್ತೆ, ಹಾಗಾಗಿ ಥಟ್ಟನೆ ಖಾಲಿ ಆಗೋದೂ ಇಲ್ಲ. ಇನ್ನೊಂದು ಉಪಕಾರ ಏನಂದ್ರೆ, ಬಾಗಿಲು ಕಿರುಗುಟ್ಟೋದು, ಯಾರೋ ಬಳೆ ಸರಿಸೋದು, ಇಂಥ ಚಿಲ್ಲರೆ ಸದ್ದನ್ನೆಲ್ಲ ಆ ಗುರುಗುರು ತನ್ನಡಿಗೆ ಮುಚ್ಚಿಕೊಳ್ಳುತ್ತೆ.

— ಮಜಾ ಅದ. ನಾವು ಆ ಕಲ್ಲಿನ ಸಪ್ಪಳಕ್ಕ ಎಷ್ಟು ಬೈಕೊಂಡೀವಿ! ಮಾತು ಸರಿ ಕೇಳವಲ್ಲದು, ಬರಕೊಳ್ಳಾಕ ಆಗವಲ್ಲದು ಅಂತ. ಈಗ ಕಂಪ್ಯೂಟರಿನ್ಯಾಗ ಅದನ್ನ ತಗದು ಬರೇ ದನಿ ಉಳಸಾಕ ಬರತದಂತಲ್ಲ, ತಗಸೋಣ ಅಂತ ಮಾಡಿದ್ದೆ.

— ದಯವಿಟ್ಟು ಬೇಡ. ಒಂದು ಹಾಡಿಗೆ ಮಾಡಿ ನೋಡಿದೆ. ಕಲ್ಲಿನ ಸದ್ದು ಹೋಗುತ್ತೆ, ಅದರ ಜೊತೆ ದನಿಯ ಒಂದು ಪದರನೂ ಕಿತ್ತು ಬರುತ್ತೆ. ಉಳಿದ ದನಿಗೆ ತಗಡಿನಂಥ ಒಂದು ಗುಂಯ್‌ ಅಂಟಿಕೊಳ್ಳುತ್ತೆ. ಬೇರೆಯವರಿಗೆ ಅದು ಗೊತ್ತಾಗದೇನೂ ಇರಬಹುದು, ನನಗೆ ಹಲ್ಲು ಜುಂ ಅನ್ನುತ್ತೆ. ಬರೆದುಕೊಳ್ಳೋಕೆ ಬೇಕು ಅಂದ್ರೆ ಅದಕ್ಕೊಂದು ಪ್ರತಿ ಬೇರೆ ಮಾಡೋಣ. ಅಂದಹಾಗೆ, ಹಾಡುವಾಗ ಒಂದು ಸಾಲನ್ನ ಎರಡು ಸಲ ಹೇಳ್ತಾರಲ್ಲ, ಅದಕ್ಕೇನಾದ್ರೂ ಲೆಕ್ಕ ಇದೆಯಾ?

— ತ್ರಿಪದಿ ಅದು. ಮೂರು ಸಾಲು, ಒಟ್ಟು 11 ಗಣ. ಬಾದಾಮಿಯೊಳಗ ಕಪ್ಪೆ ಅರಭಟ್ಟನ ಶಾಸನ ಅದ ಅಲ್ಲ, 700ರ ಆಜೂಬಾಜು ಕೆತ್ತಿದ್ದು, ಅದರಾಗೂ ಇದ ಮೂರು ಸಾಲು. ಕಾಗದದ ಮ್ಯಾಲ ಮೂರು ಕಾಣತದ, ಬಾಯಾಗ ನಾಕಾಗತದ. ಎರಡನೇ ಸಾಲಿನ ಹೆಚ್ಚಿನ ಪಾಲನ್ನ ಮತ್ತೊಮ್ಮೆ ಹೇಳಿ ಆಮ್ಯಾಲ ಮೂರನೇದಕ್ಕ ಹೋಗೂದು. ಯಾಕ ಅಂತ ಪಂಡಿತರನ್ನ ಕೇಳಿದರ ಛಂದಸ್ಸು ಹೇಳತಾರ. ನಾ ಹಾಡೋ ಬಾಯಾರನ್ನ ಕೇಳಿದೆ. ಮುಂದಿನ ಸಾಲು ನೆನಪಾಗಾಕ ಹೊತ್ತು ಬೇಕಲ್ಲ ಯಕ್ಕಾ ಅಂದರು. ಒಬ್ಬಾಕಿ ಉಸಿರು ತಗೋಳೂದರಾಗ ಇನ್ನೊಬ್ಬಾಕಿ ಎತ್ತಿಕೋತಾಳ, ಅದೂ ಒಂದು.

— ಹೇಳೋರಿಗೆ ಸಿಕ್ಕ ಹೊತ್ತು ಕೇಳೋರಿಗೂ ಸಿಗುತ್ತೆ. ಎರಡನೇ ಸಾಲು ಮತ್ತೆ ಬಂದಾಗ ನಾನು ಉಸಿರು ಬಿಡ್ತೀನಿ. ಒಂದು ಪದ ಕೇಳಿದ ಮೇಲೆ ಮುಂದಿನ ಪದದ ನಡಿಗೆ ಪೂರ್ತಿ ನನ್ನ ಕೈಯಲ್ಲಿರುತ್ತೆ. ಸುತ್ತಿ ಸುತ್ತಿ ಅವೇ ನಾಲ್ಕೈದು ಸ್ವರ. ಹೊಸದಾಗಿ ಬರೋದು ಮಾತು ಮಾತ್ರ.

— ಬ್ಯಾಸರ ಬರಂಗಿಲ್ಲೇನ? ಖರೆ ಹೇಳಬೇಕಂದ್ರ, ಒಂದು ತಾಸು ಕೇಳಿದರ ನನಗ ಬರತದ. ಜಾನಪದ ಕಲಿಸಿದಾಕಿ ನಾನು, ಹಿಂಗ ಅನ್ನಬಾರದು.

— ನನಗೆ ಬೇಸರ ಬರೋಕೆ ಮುಂಚೆ ಸುಸ್ತು ಬರುತ್ತೆ ಅತ್ತೆ. ಸಿನಿಮಾ ಹಾಡಲ್ಲಿ ನಾಯಕಿ ಸೀರೆ ಬದಲಿಸಿದ ಹಾಗೆ ವಾದ್ಯ ಬದಲಾಗ್ತಾ ಹೋಗುತ್ತೆ. ಒಂದು ನಿಮಿಷ ಕೊಳಲು, ಆಮೇಲೆ ಎಲ್ಲ ನಿಂತು, ನಿಂತಿದ್ದು ನಿಂತೇ ಇರುತ್ತೆ ಅಂದುಕೊಳ್ಳೋ ಹೊತ್ತಿಗೆ ಧಡ್ ಅಂತ ಡ್ರಮ್ಮು. ಆ ಧಡ್ ಯಾವಾಗ ಬರುತ್ತೋ ಅಂತ ಕಾಯೋದರಲ್ಲೇ ನನ್ನ ಅರ್ಧ ಜೀವ ಹೋಗುತ್ತೆ, ಕೊಳಲು ಕೇಳಿರೋದೇ ಇಲ್ಲ. ಅದೇ ಹಾಡು ನೂರು ಸಲ ಕೇಳಿ ಬಾಯಿಪಾಠ ಆದ ಮೇಲೆ ಸಹಿಸಬಹುದು. ನಮ್ಮಂಥ ಮಕ್ಕಳು ಒಂದೇ ಹಾಡನ್ನ ದಿನವಿಡೀ ಹಾಕ್ತಾರೆ ಅಂತ ಮನೆಯವರು ಗೋಳಾಡ್ತಾರಲ್ಲ, ಒಂದು ಕಾರಣ ಇದು. ಬೀಸುವ ಪದ ಮೊದಲ ಸಲಕ್ಕೇ ಹತ್ತನೇ ಸಲದ ಹಾಗೆ ಇರುತ್ತೆ.

— ನನ್ನ ತಲ್ಯಾಗ ಇನ್ನೊಂದು ಸುತ್ತಾಕತ್ತದ. ಆ ಕಾಲದಾಗ ನಾ ಟೇಪರಿಕಾರ್ಡರ್ ತಗೊಂಡು ಹೋಗಿ ಕಟ್ಟಿ ಮ್ಯಾಲ ಇಟ್ಟು, ಹಾಡ್ರಿ ಬಾಯಾರ ಅಂದ್ರ, ಹಾಡೂದು ಹಾಡತಿದ್ದರು. ಆದರ ದನಿ ಏರಸತಿದ್ದರು. ಗಂಟಲು ಬಿಗಿ. ಸೆರಗು ತಲಿ ಮ್ಯಾಲ ಎಳಕೊಂಡು, ಕಣ್ಣು ಮಷೀನಿನ ಮ್ಯಾಲ. ಒಬ್ಬಾಕಿ ಅಂತೂ ರೇಡಿಯೋದಾಗ ಹಾಡೋ ಹಂಗ ಕೊನೀ ಅಕ್ಷರ ಎಳದು ನನ್ನ ಮಾರಿ ನೋಡತಿದ್ದಳು, ಚಲೋ ಆತೇನು ಅಂತ. ಹಾಡು ಅದೇ, ಮಾತು ಅದೇ, ಪದ ಮಾತ್ರ ಬ್ಯಾರೆ ಆಗಿತ್ತು. ಕಡೀಕ ಅವರನ್ನ ಕೇಳಿ, ಅವರ ಒಪ್ಪಿಗಿ ಮ್ಯಾಲ, ಮಷೀನನ್ನ ಜ್ವಾಳದ ಗುಮ್ಮಿ ಹಿಂದ ಇಟ್ಟು ನಾ ಪಡಸಾಲ್ಯಾಗ ಮಲಗಿದೆ. ನಸುಕಿನ್ಯಾಗ ಎದ್ದು ಅವರಷ್ಟಕ್ಕ ಅವರು ಬೀಸಿದರು. ನೀ ಈಗ ಕೇಳಾಕತ್ತೀದು ಆ ಕ್ಯಾಸೆಟ್.

— ಅದಕ್ಕೇ ದನಿ ಅಷ್ಟು ದೂರದಿಂದ ಬಂದ ಹಾಗಿದೆ.

— ದೂರ ಅಂತಲ್ಲ. ಮನಿ ತುಂಬ ಮಂದಿ ಮಲಗಿರತಾರ. ಅತ್ತಿ, ಮಾವ, ಗಂಡ, ತೊಟ್ಟಿಲದಾಗ ಕೂಸು. ಮಲಗಿದವರ ನಿದ್ದಿ ಕೆಡಬಾರದು, ಬೀಸಾಕಿಗೆ ನಿದ್ದಿ ಹತ್ತಬಾರದು. ಆ ಎರಡರ ನಡುವಿನ ದನಿ ಅದು. ಕೇಳೋ ಮಂದಿ ಅಂತ ಯಾರೂ ಇಲ್ಲ, ಚಪ್ಪಾಳಿ ಹೊಡಿಯೋರಿಲ್ಲ. ಇದ್ದರ ಎದುರು ಕುಂತ ನೆಗೆಣ್ಣಿ ಒಬ್ಬಾಕಿ, ಆಕಿನೂ ಹಾಡಾಕತ್ತಿರತಾಳ.

— ಅತ್ತೆ, ನೀವು ಈಗ ಹೇಳಿದ್ದೇ ಇಡೀ ವಿಷಯದ ತಿರುಳು ಅಂತ ನನಗನಿಸುತ್ತೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಒಂದು ಲೇಖನ ಬರೆದ. ಆಟಿಸಂ ಅಂತ ಈಗ ಕರೆಯೋದರ ಮೊದಮೊದಲ ದೊಡ್ಡ ವಿವರಣೆಗಳಲ್ಲಿ ಅದೂ ಒಂದು. ಆ ಮಕ್ಕಳು ಕಸ ಗುಡಿಸೋ ಯಂತ್ರಕ್ಕೆ, ಲಿಫ್ಟಿಗೆ, ಮೊಟ್ಟೆ ಕಡೆಯೋ ಸಾಧನಕ್ಕೆಲ್ಲ ಹೆದರಿ ನಡುಗ್ತಿದ್ವು. ಆದ್ರೆ ಅಷ್ಟೇ ಗದ್ದಲವನ್ನ ತಾವೇ ಎಬ್ಬಿಸಿಕೊಂಡು ಖುಷಿಯಾಗಿರ್ತಿದ್ವು. ಕ್ಯಾನರ್ ಗಮನಿಸಿದ್ದು ಅದನ್ನ. ಮಗುವಿಗೆ ಭಯ ಸದ್ದಿನದ್ದಲ್ಲ, ತನ್ನ ಪಾಡಿಗೆ ತಾನಿದ್ದಾಗ ಸದ್ದು ಕೇಳದೆ ಒಳನುಗ್ಗುತ್ತಲ್ಲ, ಅದರದ್ದು ಅಂತ ಬರೆದ. ಅವನ ಬೇರೆ ಎಷ್ಟೋ ಮಾತು ಈಗ ನಿಲ್ಲಲ್ಲ, ಇದು ಮಾತ್ರ ನನ್ನ ಮಟ್ಟಿಗೆ ಅಕ್ಷರಶಃ ನಿಜ. ಹಾಗಿದ್ರೂ ಅಮೆರಿಕದ ಮನೋವೈದ್ಯರ ಕೈಪಿಡಿ ಸದ್ದಿನಂಥವಕ್ಕೆ ಹೀಗೆ ಸೂಕ್ಷ್ಮವಾಗಿರೋದನ್ನ ಆಟಿಸಂ ಗುರುತಿಸೋ ಮಾನದಂಡಗಳಲ್ಲಿ ಒಂದು ಅಂತ ಹೆಸರಿಟ್ಟು ಬರೆದಿದ್ದು 2013ರಲ್ಲಿ, ಐದನೇ ಆವೃತ್ತಿಯಲ್ಲಿ. ಅಷ್ಟರಲ್ಲಿ ನನ್ನ ಶಾಲೆ ಮುಗಿದಿತ್ತು. ಗಂಟೆ ಹೊಡೆದಾಗೆಲ್ಲ ಕಿವಿ ಮುಚ್ಚಿಕೊಳ್ತಾಳೆ, ನಾಟಕ ಮಾಡ್ತಾಳೆ ಅಂತ ಬೈಸಿಕೊಂಡಿದ್ದೂ ಮುಗಿದಿತ್ತು.

— ಆ ಮಾತು ಬಿಡು. ಇದಕ್ಕೂ ಬೀಸೋ ಪದಕ್ಕೂ ಏನು ಸಂಬಂಧ ಕಟ್ಟತಿ?

— ಯಾರಾದ್ರೂ ಎದುರಿಗೆ ಕೂತು ನನಗಾಗಿ ಹಾಡಿದ್ರೆ ನನ್ನ ಮುಖಕ್ಕೂ ಒಂದು ಕೆಲಸ ಬೀಳುತ್ತೆ. ನಗಬೇಕು, ತಲೆ ಆಡಿಸಬೇಕು, ಮುಗಿದಾಗ ಆಹಾ ಅನ್ನಬೇಕು. ಅದನ್ನೆಲ್ಲ ಸರಿಯಾಗಿ ಮಾಡ್ತಿದ್ದೀನಾ ಅಂತ ನೋಡಿಕೊಳ್ಳೋದರಲ್ಲಿ ಹಾಡು ಎಲ್ಲೋ ಹೋಗಿರುತ್ತೆ. ಕಛೇರಿ, ಆರ್ಕೆಸ್ಟ್ರಾ, ಮಾತ್ಯಾಕೆ, ಟೀವಿಯಲ್ಲಿ ಹಾಡೋ ಮಕ್ಕಳು ಕೂಡ ಕ್ಯಾಮೆರಾ ನೋಡಿ ನನ್ನ ಕೊರಳಪಟ್ಟಿ ಹಿಡೀತಾರೆ. ಬೀಸುವ ಪದ ನನ್ನನ್ನ ನೋಡೋದೇ ಇಲ್ಲ. ಬೇಕಾದ್ರೆ ಹತ್ತಿರ ಹೋಗಬಹುದು, ಸಾಕಾದ್ರೆ ಎದ್ದು ಬರಬಹುದು, ಅವಮಾನ ಆಯ್ತು ಅಂತ ಯಾರೂ ಅಂದ್ಕೊಳ್ಳಲ್ಲ. ದನಿ ತಗ್ಗಿದೆ ಅನ್ನೋದಕ್ಕಿಂತ ನನ್ನಿಂದ ಏನೂ ಬಯಸಲ್ಲ ಅನ್ನೋದು ನನಗೆ ದೊಡ್ಡದು.

— ಈಗ ನನ್ನ ಒಂದು ಸಿಟ್ಟು ಹೇಳಲೇನ? ಮೊನ್ನೆ ಒಬ್ಬಾಕಿ ಫೋನ್ ಮಾಡಿದ್ದಳು. ಮೇಡಂ, ನಿಮ್ಮ ಹತ್ರ ಮಕ್ಕಳನ್ನ ಶಾಂತ ಮಾಡೋ ಜಾನಪದ ಹಾಡು ಅದಾವಂತಲ್ಲ, ಕಳಸ್ರಿ ಅಂತ. ಗುಳಿಗಿ ಕೇಳೋ ಹಂಗ ಕೇಳಿದಳು! ಆ ಪದದಾಗ ಏನದ ಗೊತ್ತದ ಇಲ್ಲ ಅಕಿಗೆ? ತವರು ದೂರಾದಾಕಿ ಸಂಕಟ ಅದ. ಮಕ್ಕಳಾಗದಾಕಿನ್ನ ಮನಿ ಮಂದಿ ಅಂದದ್ದು ಆಡಿದ್ದು ಅದ. ಅಣ್ಣ ಬರತಾನಂತ ದಾರಿ ನೋಡಿ ನೋಡಿ ಸಾಕಾದಾಕಿ ಇದ್ದಾಳ. 1931ರಾಗ ಹಲಸಂಗಿ ಗೆಳ್ಯಾರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಎಲ್ಲಾರೂ ಕೂಡಿ ‘ಗರತಿಯ ಹಾಡು’ ತಂದರಲ್ಲ, ಓದು ಬರಿ ಕಲೀದ ಹೆಣ್ಣುಮಕ್ಕಳ ಬಾಯಾಗಿಂದನ್ನ ಕಾವ್ಯ ಅಂತ ತಂದರು. ನಿದ್ದಿ ಔಷಧ ಅಂತ ತರಲಿಲ್ಲ.

— ನಿಮ್ಮ ಸಿಟ್ಟು ನನ್ನದೂ ಹೌದು, ಬೇರೆ ಕಡೆಯಿಂದ. ನಮ್ಮಂಥವರಿಗೆ ಅಂತ ಜನ ಕಳಿಸೋದು ಏನು ಹೇಳಿ? ನೀರು ಹರಿಯೋ ಸದ್ದು, ಅದರ ಮೇಲೆ ಒಂದು ಕೊಳಲು, ಮಧ್ಯೆ ಮಧ್ಯೆ ಒಂದು ಗಂಟೆ. ಅದರಲ್ಲಿ ಯಾರೂ ಹುಟ್ಟಲ್ಲ, ಸಾಯಲ್ಲ, ಯಾರ ಮೇಲೂ ಯಾರಿಗೂ ಕೋಪ ಇಲ್ಲ. ಸದ್ದು ತಡೆಯದವಳು ದುಃಖನೂ ತಡೆಯಲ್ಲ ಅಂತ ಇವರಿಗೆ ಯಾರು ಹೇಳಿದ್ರು? ನನಗೆ ದುಃಖದ ಹಾಡು ಬೇಕು. ಆದ್ರೆ ಸಿನಿಮಾದವರು ಅದನ್ನ ಒಂದು ಗುಂಪು ಪಿಟೀಲು ಕಟ್ಟಿಕೊಂಡು ಬಂದು, ಅಳು, ಈಗ ಅಳು ಅಂತ ಮೇಲೆ ಬೀಳಿಸ್ತಾರೆ. ಕಿವಿ ಮುಚ್ಚಿಕೊಂಡ ಮೇಲೆ ಅಳೋದು ಹೇಗೆ? ನಿಮ್ಮ ಕ್ಯಾಸೆಟ್ಟಿನ ಹೆಂಗಸು ಅಣ್ಣ ಬರಲಿಲ್ಲ ಅನ್ನೋದನ್ನೂ, ಜೋಳ ಮುಗೀತು ಅನ್ನೋದನ್ನೂ ಒಂದೇ ದನಿಯಲ್ಲಿ ಹೇಳ್ತಾಳೆ. ಅಲ್ಲಿ ನನಗೆ ನಿಜವಾಗಿ ಅಳು ಬಂತು. ಶಾಂತವಾಗಲಿಲ್ಲ ನಾನು, ಅತ್ತೆ. ಕೇಳಿಸಿಕೊಳ್ಳೋಕೆ ಆಯ್ತು, ಅಷ್ಟೇ.

— ಹಂಗಂದ್ರ ಸರಿ. ಫೋನ್ ಮಾಡಿದಾಕಿಗೆ ಏನು ಹೇಳಲಿ? ಕಳಸಲೋ ಬ್ಯಾಡೋ?

— ಕಳಿಸಿ. ಆದ್ರೆ ಶಾಂತ ಮಾಡುತ್ತೆ ಅಂತ ಮಾತು ಕೊಡಬೇಡಿ. ಧಾರವಾಡದಲ್ಲಿ ನನ್ನ ಸ್ನೇಹಿತೆಯ ಮಗ ಇದೇ ಹಾಡಿಗೆ ಎದ್ದು ಓಡಿದ. ಅವನಿಗೆ ಹಾಡು ಸರಿ, ಕಲ್ಲಿನ ಗುರುಗುರು ಆಗಲಿಲ್ಲ. ಇನ್ನು ಕೆಲವರಿಗೆ ದೊಡ್ಡ ಸದ್ದೆಲ್ಲ ಸಲೀಸು. ಯಾರೋ ಊಟ ಅಗಿಯೋ ಸದ್ದು, ಉಸಿರೆಳೆಯೋ ಸದ್ದು ಕೇಳಿದ್ರೆ ಮೈಯೆಲ್ಲ ಉರಿಯುತ್ತೆ. ಅದಕ್ಕೆ ಮಿಸೋಫೋನಿಯಾ ಅಂತಾರೆ, ಹೆಸರು ಬಂದಿದ್ದು 2001ರಲ್ಲಿ. ಅಂಥವರಿಗೆ ಈಗಿನ ಸ್ಟುಡಿಯೋದಲ್ಲಿ ಬಾಯಿಗೆ ಮೈಕು ಅಂಟಿಸಿ ಪಿಸುಗುಟ್ಟಿಸಿದ ಜಾನಪದ ಹಾಡು ಹಲಗೆಗಿಂತ ಕಷ್ಟ. ನಾಲಿಗೆ ಅಂಗಳಿಗೆ ತಾಗೋದೂ ಕೇಳುತ್ತೆ. ಇದಕ್ಕೆಲ್ಲ ಒಂದೇ ಹಾಡು ಅಂತಿಲ್ಲ.

— ದವಾಖಾನಿಯೊಳಗ ಸಂಗೀತ ಚಿಕಿತ್ಸಾ ಅಂತ ಬೋರ್ಡ್ ಹಾಕಿರತಾರಲ್ಲ?

— ಹಾಕಿರ್ತಾರೆ. 2017ರಲ್ಲಿ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ಪರೀಕ್ಷೆಯ ಫಲ ಬಂತು. ಒಂಬತ್ತು ದೇಶಗಳ 364 ಮಕ್ಕಳು. ಕೆಲವರಿಗೆ ಮಾಮೂಲು ಆರೈಕೆ, ಕೆಲವರಿಗೆ ಅದರ ಜೊತೆಗೆ ತಿಂಗಳುಗಟ್ಟಲೆ ಸಂಗೀತ ಚಿಕಿತ್ಸೆ. ಆಟಿಸಮ್ಮಿನ ಲಕ್ಷಣಗಳ ತೀವ್ರತೆಯಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ನನಗೇನೂ ಬೇಜಾರಾಗಲಿಲ್ಲ ಅದು ಓದಿ. ಒಳ್ಳೆ ಹಾಡು ಕೇಳಿ ನೀವು ಕಮ್ಮಿ ಉತ್ತರ ಕರ್ನಾಟಕದವರಾಗ್ತೀರಾ? ನಾನ್ಯಾಕೆ ಕಮ್ಮಿ ಆಟಿಸ್ಟಿಕ್ ಆಗಬೇಕು? ಸಂಜೆ ಒಂದು ಹಾಡು ಪೂರ್ತಿ ಕೇಳೋಕಾದ್ರೆ ಅದೇ ಲಾಭ.

— ಭಾಳ ಚಲೋ ಅಂದಿ! ಆದರ ಅಕಿಗೆ ಇಷ್ಟು ಹೇಳಾಕ ಆಗಂಗಿಲ್ಲ. ಹಾಡು ಹ್ಯಾಂಗ ಹಚ್ಚಬೇಕು ಅಂತ ಕೇಳತಾಳ, ಅದನ್ನ ಹೇಳು.

— ಮೊದಲನೇದು, ಮೊಬೈಲ್ ಫೋನಿನ ಸ್ಪೀಕರಿನಲ್ಲಿ ಹಾಕಬೇಡಿ ಅನ್ನಿ. ಆ ಕಾಳಿನಷ್ಟು ಸ್ಪೀಕರಿನಿಂದ ಕೆಳದನಿ ಹೊರಗೆ ಬರಲ್ಲ. ಕಲ್ಲಿನ ಗುರುಗುರು ಹೋಗಿ ಬರೀ ಕೀಚಲು ಉಳಿಯುತ್ತೆ. ಮನುಷ್ಯರ ಕಿವಿ ಹೆಚ್ಚು ಚುರುಕಾಗಿರೋದೇ ಆ ಕೀಚಲಿನ ಕಡೆಗೆ. ಹಳೇ ಮರದ ಪೆಟ್ಟಿಗೆ ಸ್ಪೀಕರ್ ಇದ್ರೆ ಅದನ್ನ ಕೋಣೆಯ ಆ ಕಡೆ ಇಟ್ಟು ಸಣ್ಣಗೆ ಹಾಕಲಿ. ಯೂಟ್ಯೂಬಿನಲ್ಲಂತೂ ಬೇಡವೇ ಬೇಡ. ಮೆಲ್ಲಗಿನ ಹಾಡಿಗೆ ಅಂತ ದನಿ ಏರಿಸಿಟ್ಟಿರ್ತೀವಿ, ನಡುವೆ ಸೋಪಿನ ಜಾಹೀರಾತು ಬಂದು ಬಡಿಯುತ್ತೆ. ಒಂದು ಸಲ ಹಾಗಾದ್ರೆ ಮಗು ಆ ಹಾಡಿನ ಹತ್ತಿರ ಮತ್ತೆ ಸುಳಿಯಲ್ಲ, ತಪ್ಪು ಹಾಡಿನದೇ ಅಂದುಕೊಳ್ಳುತ್ತೆ.

— ನಿನ್ನ ಹಂಗ ಕಿವಿಗೆ ಇದನ್ನ ಹಾಕಿದರ?

— ಹೆಡ್‌ಫೋನ್ ಕೆಲವು ಮಕ್ಕಳು ತಲೆ ಮೇಲೆ ಇಟ್ಟುಕೊಳ್ಳೋದೇ ಇಲ್ಲ, ಅದರ ಒತ್ತಡ ಆಗಲ್ಲ. ಇನ್ನು ಸದ್ದು ಅಳಿಸೋ ಹೆಡ್‌ಫೋನಿನದ್ದೊಂದು ತಮಾಷೆ ಇದೆ. ಅದು ಚೆನ್ನಾಗಿ ಅಳಿಸೋದು ಒಂದೇ ಸಮನೆ ಬರೋ ಕೆಳದನಿಯನ್ನ: ಫ್ಯಾನು, ಬಸ್ಸಿನ ಎಂಜಿನ್ನು, ನಿಮ್ಮ ಬೀಸುಕಲ್ಲು. ಅಂದ್ರೆ ನನಗೆ ತೊಂದರೆ ಕೊಡದೆ ಇರೋದನ್ನೆಲ್ಲ ಅಳಿಸಿ, ಚಮಚ, ಕುಕ್ಕರ್ ಸೀಟಿ, ನಾಯಿ ಬೊಗಳೋದು, ಇವನ್ನ ಸಾಕಷ್ಟು ಒಳಗೆ ಬಿಡುತ್ತೆ. ಸುತ್ತ ಏನೂ ಇಲ್ಲದ್ದಕ್ಕೆ ಚಮಚ ಇನ್ನೂ ಚೂಪಾಗುತ್ತೆ. ಹೊರಗಿನದನ್ನ ಅಳಿಸಿ ಒಳಗೆ ಬೀಸುವ ಪದ ಹಾಕ್ಕೊಂಡ್ರೆ ಮಾತ್ರ ಲೆಕ್ಕ ಸರಿಹೋಗುತ್ತೆ.

— ನಾ ಬ್ಯಾರೆ ಹೇಳತೀನಿ. ಹಚ್ಚೂದು ಯಾಕ? ಅವ್ವ ತಾನೇ ಹಾಡಲಿ.

— ಹಾಡಲಿ, ಮಗುವಿನ ಮುಖ ನೋಡದೆ. ಅದು ಕಷ್ಟ ತಾಯಂದಿರಿಗೆ. ಮಗು ಕೇಳ್ತಿದೆಯಾ, ನಕ್ಕಿತಾ ಅಂತ ಕಣ್ಣು ಅಲ್ಲೇ ಇರುತ್ತೆ. ಬಟ್ಟೆ ಮಡಚುತ್ತಲೋ ಸೊಪ್ಪು ಬಿಡಿಸುತ್ತಲೋ ತನ್ನಷ್ಟಕ್ಕೆ ಗುನುಗಿಕೊಂಡ್ರೆ ಒಳ್ಳೇದು. ಮಗು ಕಿವಿ ಮುಚ್ಚಿದ್ರೆ ಸಾಲಿನ ಅರ್ಧಕ್ಕೇ ನಿಲ್ಲಿಸಬೇಕು, ಇದೊಂದು ಸಾಲು ಮುಗಿಸಿಬಿಡ್ತೀನಿ ಅನ್ನಬಾರದು. ಯಂತ್ರಕ್ಕೆ ಗುಂಡಿ ಇರುತ್ತೆ, ಮಗುವಿನ ಕೈಗೆ ಕೊಡಬಹುದು. ತಾಯಿಗೂ ಹಾಗೊಂದು ಗುಂಡಿ ಇದೆ ಅಂತ ಮಗುವಿಗೆ ಗೊತ್ತಾಗಬೇಕು.

— ಅದಕ್ಕಿಂತ ಆ ಕೂಸಿನ ಕೈಯಾಗ ಗೂಟ ಕೊಟ್ಟರ? ನಿಮ್ಮ ಆ ಕ್ಯಾನರ್ ಹೇಳಿದ್ದು ಅದ ಅಲ್ಲೇನ, ತಾವ ಮಾಡಿದ ಗದ್ದಲ ಮಕ್ಕಳಿಗೆ ನಡೀತದ ಅಂತ? ನಮ್ಮ ಅಟ್ಟದ ಮ್ಯಾಲ ಒಂದು ಸಣ್ಣ ಕಲ್ಲು ಅದ, ಬ್ಯಾಳಿ ಒಡಿಯೋದು. ಹುಡುಗರು ತಿರಗಸಬಹುದು.

— ಧಾರವಾಡದ ಹುಡುಗನಿಗೆ ಅದನ್ನೇ ಮಾಡಿಸಬೇಕು! ನನ್ನ ಕಲ್ಲು, ನಾನು ತಿರುಗಿಸಿದ್ರೆ ಸದ್ದು, ಬಿಟ್ರೆ ಇಲ್ಲ. ಹಾಡಿಗೂ ಅದೇ ಮಾತು. ನಾವು ಬಾಯಿ ತೆರೆಯೋಕೆ ಒಂಚೂರು ಮುಂಚೆನೇ ಕಿವಿಯ ಆ ಪುಟ್ಟ ಸ್ನಾಯು ಬಿಗಿಯೋಕೆ ಶುರುಮಾಡುತ್ತೆ, ನಮ್ಮ ದನಿ ನಮ್ಮನ್ನೇ ಹೊಡೀದಿರಲಿ ಅಂತ. ಬೇರೆಯವರ ಚಮಚಕ್ಕೆ ಸಿಗದ ಹೊತ್ತು ನಮ್ಮ ಹಾಡಿಗೆ ಸಿಗುತ್ತೆ. ನಾನು ಮೆಟ್ರೋದಲ್ಲಿ ಹೋಗುವಾಗ ಬಾಯಿ ಮುಚ್ಚಿಕೊಂಡೇ ಗುನುಗ್ತೀನಿ, ಪಕ್ಕದವರು ಒಂದು ನಮೂನೆ ನೋಡ್ತಾರೆ.

— ನೋಡಲಿ ಬಿಡು. ಬೀಸಾಕಿನ್ನ ನೋಡಿ ಅತ್ತಿ ಏನು ಕಮ್ಮಿ ಅಂತಿದ್ದಳೇನ? ಮಾರಿ ಮುಂದ ಅನ್ನಾಕ ಬರಲಾರದ್ದನ್ನ ಕಲ್ಲಿನ ಮುಂದ ಅಂದರ ಅದು ಪದ, ಅದಕ್ಕ ಜಗಳಿಲ್ಲ. ಆ ಹಿಕಮತ್ತು ಅವರಿಗೆ ಗೊತ್ತಿತ್ತು. ಈಗ ಕಲ್ಲು ಹೋಗಿ ಗಿರಣಿ ಬಂದು ಯಾವ ಕಾಲಾತು. ಗಿರಣ್ಯಾಗ ಹಾಡು ಹೋಗಲಿ, ಡಬ್ಬಿ ಯಾರದು ಅಂತ ಕೇಳಾಕನೂ ಒದರಬೇಕು. ಇವತ್ತ ಬೀಸೋ ಪದ ಅಂದ್ರ ಸ್ಟೇಜಿನ ಮ್ಯಾಲ ಕೀಬೋರ್ಡ್ ಇಟಗೊಂಡು ಹಾಡೂದು, ಎದುರಿಗೆ ಒಂದು ಪ್ಲಾಸ್ಟಿಕ್ ಬೀಸೂಕಲ್ಲು ಬ್ಯಾರೆ. ಹಾಡು ಉಳೀಬೇಕಂತ ಅಂಥಾ ಕಾರ್ಯಕ್ರಮಕ್ಕ ನಾನೂ ಹೋಗಿ ಹಾರ ಹಾಕಿಸಿಕೊಂಡು ಬಂದೀನಿ.

— ಉಳಿಯಲಿ ಅತ್ತೆ, ಸ್ಟೇಜಿನ ಮೇಲೂ ಇರಲಿ. ಆದ್ರೆ ಅದು ಬೇರೆ ಹಾಡು. ನನಗೆ ಬೇಕಾಗಿರೋದು ಗುಮ್ಮಿ ಹಿಂದಿನ ಹಾಡು. ಈ ಡಬ್ಬದಲ್ಲಿ ಅಂಥವು ಎಷ್ಟಿವೆಯೋ ಅಷ್ಟನ್ನ ಬೇರೆ ಮಾಡಿ, ಏನೂ ತಿದ್ದದೆ ಇಡೋಣ. ಕೋಳಿ ಕೂಗಿದ್ದು, ಒಬ್ಬರು ಕೆಮ್ಮಿದ್ದು, ಮಗು ಎದ್ದು ಅತ್ತಾಗ ಹಾಡು ಅರ್ಧಕ್ಕೇ ನಿಂತಿದ್ದು, ಎಲ್ಲ ಇರಲಿ. ತೆಗೆಯೋದಿದ್ರೆ ಒಂದೇ: ಪ್ರತಿ ಹಾಡಿನ ಮೊದಲಿಗೆ ನೀವು ಗುಂಡಿ ಒತ್ತಿದ ಆ ಟಕ್.

— ಕೂಸಿನ ಅಳು ನಿನಗ ನಡೀತದೇನ?

— ನಡೆಯಲ್ಲ. ಅದಕ್ಕೇ ಹೊದಿಕೆ ಮೇಲೆ ಬರೆದಿಡೋಣ, ಇಂಥ ಹಾಡು, ಇಷ್ಟನೇ ನಿಮಿಷಕ್ಕೆ ಮಗು ಅಳುತ್ತೆ ಅಂತ. ಮೊದಲೇ ಗೊತ್ತಿದ್ರೆ ಮಗುವಿನ ಅಳುನೂ ಕೇಳಬಹುದು.

— ಹಂಗಾರ ಆ ಹಸರು ಕ್ಯಾಸೆಟ್ಟಿನ ಮ್ಯಾಲ ಈಗ ಬರಿ. ಸೋಬಾನ ಪದ ಅದು, ಚಲೋ ಹಾಡ್ಯಾರ, ಆದರ ಮದವಿ ಮನಿ. ಎರಡನೇ ಮಗ್ಗಲದಾಗ ನಾಕನೇ ಪದದ ನಡುವ ಯಾವನೋ ಪಟಾಕ್ಷಿ ಹಾರಿಸ್ಯಾನ. ನಾ ಅವತ್ತ ಮಷೀನ್ ಕೈಬಿಟ್ಟಿದ್ದೆ.

— ನೀವೂನಾ? ಸರಿ, ಅದನ್ನೂ ಬರೀತೀನಿ. ಮಗ್ಗುಲು ಎರಡು, ಪದ ನಾಲ್ಕು. ನಿಮಿಷ ಹೇಳಿ.

— ನಿಮಿಷ ಯಾವಾಕಿ ನೋಡ್ಯಾಳ? ಹಚ್ಚಿ ನೋಡಬೇಕು. ನೀ ಹೊರಗ ಹೋಗು, ನಾ ಕೇಳಿ ಹೇಳತೀನಿ.